ಸಿಗಾರ್ ಪೆಟ್ಟಿಗೆಯಲ್ಲಿ ಹನ್ನೆರಡು ಚುಟ್ಟ

ಕೌಲ್ ಬಜಾರ್, ಬಳ್ಳಾರಿ
೧೧ ನವೆಂಬರ್ ೨೦೨೪

ಉಚ್ಚಂಗೆಪ್ಪ ಮಾವನವರಿಗೆ ತಿಪ್ಪೇಶ ಮಾಡುವ ನಮಸ್ಕಾರ.

ಹತ್ತು ದಿನದಿಂದ ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತದೆ, ನೀವು ಎತ್ತುವುದಿಲ್ಲ. ಒಮ್ಮೆ ಎತ್ತಿದಿರಿ. ನಾನು ಮಾವ, ಮಾವ ಎಂದು ನಾಲ್ಕು ಸಲ ಕರೆದೆ, ನೀವು ಒಂದು ಮಾತೂ ಆಡದೆ ಇಟ್ಟುಬಿಟ್ಟಿರಿ. ಸಿಟ್ಟು ಇನ್ನೂ ಇಳಿದಿಲ್ಲ ಎಂದು ಗೊತ್ತಾಯಿತು. ಎರಡು ವರ್ಷದ ಹಿಂದೆ ವಯಸ್ಸಾಯಿತೆಂದು ನಿಮ್ಮನ್ನು ಊರಿಗೆ ಕಳಿಸಿ ನಿಮ್ಮ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದು ಹಂಪೇಶ್ ಧಣಿ, ನಾನಲ್ಲ. ಸಿಟ್ಟು ಇದ್ದರೆ ಇರಲಿ, ಈ ಕಾಗದವನ್ನಾದರೂ ಕೊನೆಯವರೆಗೆ ಓದಿ.

ನನ್ನ ಮೂಗು ಕೈಕೊಟ್ಟಿದೆ. ದಸರೆಗೆ ಮುಂಚೆ ಒಂದು ಜ್ವರ ಬಂತು. ಐದು ದಿನಕ್ಕೆ ಇಳಿಯಿತು, ಇಳಿಯುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಪೂರ್ತಿ ಅಲ್ಲ ಮಾವ, ಅರ್ಧ ಉಳಿದಿದೆ. ಬ್ರಾಂಡಿಯ ಗ್ಲಾಸು ಹತ್ತಿರ ಹಿಡಿದರೆ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ ಏನೋ ಬರುತ್ತದೆ, ಏನೆಂದು ತಿಳಿಯುವುದಿಲ್ಲ. ಡಾಕ್ಟರು ಕಾಯಬೇಕು ಎನ್ನುತ್ತಾರೆ. ಕಾಯಲು ನನಗೆ ಟೈಮಿಲ್ಲ.

ಡಿಸೆಂಬರ್ ಹದಿನಾಲ್ಕಕ್ಕೆ ಸ್ಪೇನ್ ದೇಶದಿಂದ ಇಬ್ಬರು ಬರುತ್ತಾರೆ. ಧಣಿಯ ಕಾರ್ಖಾನೆಯ ಜೀನ್ಸ್ ಅವರ ಅಂಗಡಿಗಳಿಗೆ ಹೋಗುವ ಮಾತಿದೆ. ಊಟವಾದ ಮೇಲೆ ಗೆಸ್ಟ್‌ಹೌಸಿನ ಮೇಲಿನ ಕೋಣೆಯಲ್ಲಿ ನಾಲ್ಕು ಹಳೆಯ ಬ್ರಾಂಡಿಗೆ ನಾಲ್ಕು ಸಿಗಾರ್ ಜೋಡಿ ಮಾಡಿ ನಾನು ಮುಂದಿಡಬೇಕು, ಯಾವುದಕ್ಕೆ ಯಾಕೆ ಯಾವುದು ಎಂದು ಹೇಳಲೂ ಬೇಕು. ಧಣಿ ಮೊನ್ನೆ ಕರೆದು ಹೇಳಿದರು: "ನೋಡು ತಿಪ್ಪೇಶ, ಈ ಸಲ ಹೆಚ್ಚುಕಮ್ಮಿ ಆತಂದ್ರ ನೀನು ನಿನ್ನ ದಾರಿ ನೋಡ್ಕ."

ನನ್ನ ಮೂಗಿನ ಸಂಗತಿ ಅವರಿಗೆ ಗೊತ್ತಿಲ್ಲ. ಕುರುಗೋಡಿನಲ್ಲಿರುವ ನನ್ನ ಹೆಂಡತಿ ಹೇಮಾಳಿಗೂ ಹೇಳಿಲ್ಲ. ಜೀನ್ಸ್ ತೊಳೆಯುವ ಕಡೆ ಬಂಡಲ್ ಹೊರುತ್ತಿದ್ದವನನ್ನು, ಯಾವ ತೊಟ್ಟಿಗೆ ಯಾವ ಮದ್ದು ಬಿದ್ದಿದೆ ಎಂದು ವಾಸನೆಯಲ್ಲೇ ಹೇಳುತ್ತಾನೆಂದು ಕೈಹಿಡಿದು ಆ ಕೋಣೆಗೆ ಕರೆತಂದವರು ನೀವು, ಅಂದಿನಿಂದಲೇ ನಿಮ್ಮನ್ನು ಮಾವ ಎನ್ನುತ್ತಿದ್ದೇನೆ. ಮೂಗು ಹೋದರೆ ನಾನು ಮತ್ತೆ ಬಂಡಲ್ ಹೊರುವವನೇ. ದಯವಿಟ್ಟು ದಾರಿ ತೋರಿಸಿ.

ನಿಮ್ಮ
ತಿಪ್ಪೇಶ


ಕೆಂಚನಗುಡ್ಡ, ಸಿರುಗುಪ್ಪ ತಾಲ್ಲೂಕು
೧೭ ನವೆಂಬರ್ ೨೦೨೪

ಲೇ ತಿಪ್ಪೇಶ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಇಲ್ಲಿ ಹೊಳೆಯ ದಂಡೆಗೆ ಫೋನ್ ಸರಿಯಾಗಿ ಸಿಗುವುದಿಲ್ಲ. ಸಿಕ್ಕರೂ ಫೋನಿನಲ್ಲಿ ಪಾಠ ಹೇಳಿದರೆ ನೀನು ಹೂಂ ಹೂಂ ಎಂದು ಮರುದಿನ ಮರೆಯುತ್ತೀ. ಆದ್ದರಿಂದ ಕಾಗದವೇ ಬರೆ. ಸಿಟ್ಟಿನ ಮಾತು ಬಿಡು. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂರುವಷ್ಟು ಬಿಡುವು ನನಗಿಲ್ಲ.

ಮೂಗಿಲ್ಲದಿದ್ದರೆ ಲೋಕ ಮುಳುಗುವುದಿಲ್ಲ, ಅರ್ಧ ಇದ್ದರೆ ಇನ್ನೂ ಸಲೀಸು. ಮೊದಲು ಕಣ್ಣು. ಸಿಗಾರಿನ ಮೇಲೆಲೆ ಗೋಧಿ ಬಣ್ಣದ್ದಾದರೆ ಅದು ಮೆತ್ತನೆಯದು. ಅದಕ್ಕೆ ಎಳೆಯ, ತಿಳಿ ಬ್ರಾಂಡಿ ಕೊಡು. ಹುರಿದ ಕಾಫಿ ಬೀಜದ ಬಣ್ಣದ್ದಾದರೆ ಅದಕ್ಕೆ ಸಿಹಿ ಹೆಚ್ಚಿರುವ, ವಯಸ್ಸಾದ ಬ್ರಾಂಡಿ ಬೇಕು, ಎಳೆಯದು ಕೊಟ್ಟರೆ ಹೊಗೆಯ ಕೆಳಗೆ ಸಿಕ್ಕಿ ಸಾಯುತ್ತದೆ. ಸಂಬಂಧ ನೋಡುವಾಗ ಮಾಡುವ ಕೆಲಸವೇ ಇದು. ಜೋರಿನವಳ ಮನೆಗೆ ಅಷ್ಟೇ ಜೋರಿನವನನ್ನು ಕಳಿಸಬೇಕು, ಇಲ್ಲದಿದ್ದರೆ ಒಬ್ಬರ ಮಾತೇ ಕೇಳಿಸುತ್ತಿರುತ್ತದೆ.

ಆಮೇಲೆ ಬೆರಳು. ಎರಡು ಬೆರಳಲ್ಲಿ ಹಗುರಾಗಿ ಒತ್ತಿದರೆ ಸಿಗಾರು ತಗ್ಗಿ ಮತ್ತೆ ಏಳಬೇಕು. ಚಟಚಟ ಎಂದರೆ ಒಣಗಿದೆ, ಏಳದಿದ್ದರೆ ನೀರು ಕುಡಿದಿದೆ. ಕೊನೆಗೆ ನಾಲಿಗೆ. ಸಿಹಿ, ಹುಳಿ, ಕಹಿ, ಗಂಟಲ ಉರಿ, ಇವಕ್ಕೆ ಮೂಗಿನ ಹಂಗಿಲ್ಲ. ಯಾವಾಗಲೂ ಮೊದಲು ಒಂದು ಗುಟುಕು ಬ್ರಾಂಡಿ, ಆಮೇಲೆ ಹೊಗೆ. ಸಿಗಾರಿನ ತುದಿಯನ್ನು ಬ್ರಾಂಡಿಯಲ್ಲಿ ಅದ್ದುವವನು ಕಂಡರೆ ಅವನಿಗೆ ಅಗ್ಗದ ಬಾಟಲಿಯದನ್ನೇ ಸುರಿ, ಅವನಿಗೆ ತಿಳಿಯುವುದಿಲ್ಲ.

ಒಂದು ಪರೀಕ್ಷೆ. ಕಪಾಟಿನ ಎಡ ಮೂಲೆಯಲ್ಲಿ ಇಪ್ಪತ್ತು ವರ್ಷದ ಬಾಟಲಿ ಇದೆ. ಒಂದು ಚಮಚ ಗ್ಲಾಸಿಗೆ ಬಿಟ್ಟು, ಕಾಲು ಗಂಟೆ ಸುಮ್ಮನಿದ್ದು, ಆಮೇಲೆ ಮೂಸು. ಬಂದ ಮೂರು ವಾಸನೆ ಬರೆದು ಕಳಿಸು.

ಉಚ್ಚಂಗೆಪ್ಪ


ಬಳ್ಳಾರಿ
೨೨ ನವೆಂಬರ್ ೨೦೨೪

ಮಾವ,

ನಿಮ್ಮ ಕಾಗದ ಅಂಗಿಯ ಜೇಬಿನಲ್ಲೇ ಇದೆ, ದಿನಕ್ಕೆ ನಾಲ್ಕು ಸಲ ಓದುತ್ತೇನೆ. ಬೆರಳಿನ ಪಾಠ ಮಾಡಿದೆ. ಸಿಗಾರುಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದೆ, ಒಂದೂ ಒಣಗಿಲ್ಲ. ಪೆಟ್ಟಿಗೆಯ ತೇವ ಅಳೆಯುವ ಮುಳ್ಳು ಅರವತ್ತೆಂಟರಲ್ಲಿ ಅಲ್ಲಾಡದೆ ನಿಂತಿದೆ. ಅಷ್ಟರಮಟ್ಟಿಗೆ ನಿಮ್ಮ ಹೆಸರು ಉಳಿಸಿದ್ದೇನೆ.

ಎಡ ಮೂಲೆಯ ಬಾಟಲಿಯಲ್ಲಿ ಬಂದದ್ದು ಒಣದ್ರಾಕ್ಷಿ, ಜೇನು, ಮತ್ತೆ ಯಾವುದೋ ಹೂವು. ಸರಿ ಇದೆಯಲ್ಲವೇ? ಮೂಗು ನಿಧಾನಕ್ಕೆ ದಾರಿಗೆ ಬರುತ್ತಿದೆ ಎನಿಸುತ್ತದೆ.

ಭಾನುವಾರ ಕುರುಗೋಡಿಗೆ ಹೋಗಿದ್ದೆ. ಹೇಮಾ ಅಂಗನವಾಡಿಯ ಲೆಕ್ಕ ಬರೆಯುತ್ತಾ ಹೊರಗೆ ಕುಳಿತಿದ್ದಳು, ನಾನು ಒಲೆಯ ಪಕ್ಕ ಪೇಪರ್ ಓದುತ್ತಿದ್ದೆ. ಓಡಿ ಬಂದು ನನ್ನನ್ನೇ ನೋಡುತ್ತಾ ನಿಂತಳು. "ಅನ್ನ ಸೀದು ಕರಿ ಆಗೈತಿ, ಪಕ್ಕದಾಗ ಕುಂತು ಪೇಪರ್ ಓದಾಕತ್ತೀರಲ್ರಿ, ಏನಾಗೈತಿ ನಿಮಗ?" ಎಂದಳು. ನೆಗಡಿ ಎಂದೆ. ಅವಳು ನಂಬಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ.

ಇನ್ನು ಇಪ್ಪತ್ತೆರಡು ದಿನ. ಬೇಗ ಬರೆಯಿರಿ.

ತಿಪ್ಪೇಶ


ಕೆಂಚನಗುಡ್ಡ
೨೮ ನವೆಂಬರ್ ೨೦೨೪

ತಿಪ್ಪೇಶ,

ಒಣದ್ರಾಕ್ಷಿ, ಜೇನು, ಹೂವು. ಈ ಮೂರೂ ಬಾಟಲಿಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇವೆ. ಓದಲು ನನಗೂ ಬರುತ್ತದೆ. ಆ ಬಾಟಲಿಯಲ್ಲಿ ಮೊದಲು ಏಳುವುದು ಅಜ್ಜಿಯ ಕಾಲದ ಮರದ ಸಂದೂಕ ತೆರೆದಾಗ ಬರುವ ವಾಸನೆ. ನಾನು ನಿನ್ನ ಪಕ್ಕದಲ್ಲೇ ನಿಂತು ಮೂರು ವರ್ಷ ಅದನ್ನು ತೋರಿಸಿದ್ದೇನೆ. ನೀನು ಗ್ಲಾಸಿಗೆ ಬಿಟ್ಟೇ ಇಲ್ಲ, ಚೀಟಿ ನೋಡಿ ಬರೆದಿದ್ದೀ. ಕೆಲಸ ಹೋಗುತ್ತದೆ ಎಂದು ಅಳುವವನಿಗೆ ಇಷ್ಟು ಸೋಮಾರಿತನ ಒಳ್ಳೆಯದಲ್ಲ.

ಇರಲಿ. ವಾಸನೆಯನ್ನು ಬಿಟ್ಟುಬಿಡು, ಬಾಯಿಂದಲೇ ಕಲಿ. ಇದರ ಜೊತೆ ಒಂದು ಕಟ್ಟು ಕಳಿಸಿದ್ದೇನೆ. ಹನ್ನೆರಡು ಚುಟ್ಟ. ಸಿರುಗುಪ್ಪದ ಸಂತೆಯಲ್ಲಿ ಹಿಂದೆ ಕೊಂಡಿದ್ದು, ನನಗೆ ಈಗ ಬೇಕಾಗಿಲ್ಲ. ಧಣಿಯ ಸಿಗಾರು ಸುಟ್ಟು ಕಲಿಯಲು ಆಗುವುದಿಲ್ಲವಲ್ಲ, ಇವುಗಳಲ್ಲಿ ಕಲಿ. ಬಜಾರಿನಲ್ಲಿ ಸಿಗುವ ಸಾದಾ ಬ್ರಾಂಡಿ ಒಂದು ಗುಟುಕು ಬಾಯಲ್ಲಿ ಹಿಡಿ, ನುಂಗು, ಆಮೇಲೆ ಚುಟ್ಟದ ಹೊಗೆ ಬಾಯಿತುಂಬ ತಗೋ, ಎದೆಗೆ ಎಳೆಯಬೇಡ. ಬ್ರಾಂಡಿಯ ಸಿಹಿ ನಾಲಿಗೆಯ ಯಾವ ಜಾಗದಲ್ಲಿ ಉಳಿದಿತ್ತು, ಹೊಗೆ ಅದನ್ನು ತಳ್ಳಿತೋ ಎತ್ತಿ ಹಿಡಿಯಿತೋ ನೋಡು. ಬ್ರಾಂಡಿಗೆ ಎರಡು ಹನಿ ನೀರು ಬಿಟ್ಟು ಮತ್ತೆ ನೋಡು. ಹತ್ತು ದಿನ ಮಾಡಿದರೆ ನಾಲಿಗೆ ತಾನೇ ಹೇಳುತ್ತದೆ.

ಚುಟ್ಟ ಒಣಗಲು ಬಿಡಬೇಡ. ಒಣಗಿದರೆ ಬರೀ ಖಾರ ಉಳಿದು ಪಾಠ ಕೆಡುತ್ತದೆ. ತೇವ ಇರುವ ಕಡೆ ಇಡು.

ಸೋಮವಾರ ನನಗೆ ಬೇರೆ ಕೆಲಸವಿದೆ, ಒಂದೆರಡು ವಾರ ಊರಲ್ಲಿ ಇರುವುದಿಲ್ಲ. ಕಾಗದ ತಡವಾದರೆ ಗಾಬರಿಯಾಗಬೇಡ.

ಉಚ್ಚಂಗೆಪ್ಪ


ಬಳ್ಳಾರಿ
೫ ಡಿಸೆಂಬರ್ ೨೦೨೪

ಮಾವ,

ಬೈದಿರಿ, ಬೈಸಿಕೊಳ್ಳಬೇಕಾದ್ದೇ. ಚೀಟಿಯ ಮಾತು ನಿಜ. ಯಾಕೆ ಹಾಗೆ ಮಾಡಿದೆ ಎಂದು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಆದರೆ ಈ ಚುಟ್ಟದ ಪಾಠ ಎಂಥದು ಮಾವ, ನನಗೆ ಜೀವ ಬಂದ ಹಾಗಾಗಿದೆ. ಮೊದಲ ಎರಡು ದಿನ ಬಾಯಿ ಸುಟ್ಟುಕೊಂಡೆ, ಅಷ್ಟೇ. ಮೂರನೇ ದಿನ ಸಿಹಿ ನಾಲಿಗೆಯ ತುದಿಯಿಂದ ಪಕ್ಕಕ್ಕೆ ಸರಿದದ್ದು ತಿಳಿಯಿತು. ನೀರಿನ ಹನಿ ಬಿಟ್ಟಾಗ ಉರಿ ತಗ್ಗಿ ಕಹಿ ಮೇಲೆ ಬಂತು. ನಿನ್ನೆ ಧಣಿಯ ನಾಲ್ಕು ಬ್ರಾಂಡಿಯಲ್ಲೂ ಒಂದೊಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ. ಯಾವುದು ಸಿಹಿ, ಯಾವುದು ಒಗರು, ಯಾವುದು ಗಂಟಲಿಗೆ ಹತ್ತುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ನಾಲ್ಕು ಜೋಡಿಯನ್ನೂ ಬರೆದಿಟ್ಟಿದ್ದೇನೆ. ಕಡುಬಣ್ಣದ ದಪ್ಪ ಸಿಗಾರಿಗೆ ಸ್ಪೇನಿನದೇ ಸಿಹಿ ಬ್ರಾಂಡಿ. ಅವರ ಊರಿನ ಮಾಲು ಅವರ ಮುಂದಿಟ್ಟರೆ ಖುಷಿಪಡುತ್ತಾರೆ ಎಂದು ಧಣಿಯೂ ಹೇಳಿದರು.

ಚುಟ್ಟ ಒಣಗಿಲ್ಲ, ಚಿಂತೆ ಬೇಡ. ತೇವ ಇರುವ ಕಡೆ ಎಂದಿದ್ದಿರಿ. ನಮ್ಮ ಸಿಗಾರ್ ಪೆಟ್ಟಿಗೆಗಿಂತ ಹದವಾದ ಜಾಗ ಬಳ್ಳಾರಿಯಲ್ಲಿ ಎಲ್ಲಿದೆ? ಹನ್ನೆರಡನ್ನೂ ಬಂದ ದಿನವೇ ಕೆಳಗಿನ ಖಾನೆಯಲ್ಲಿ ಇಟ್ಟೆ. ಮೂರು ಸುಟ್ಟಿದ್ದೇನೆ, ಉಳಿದವು ಧಣಿಯ ಸಿಗಾರುಗಳ ಪಕ್ಕ ಹಾಯಾಗಿ ಮಲಗಿವೆ. ಬೀಗದ ಕೈ ನನ್ನ ಹತ್ತಿರವೇ ಇರುವುದರಿಂದ ಯಾರೂ ನೋಡುವ ಭಯವಿಲ್ಲ.

ಎಷ್ಟೋ ದಿನದ ಮೇಲೆ ನಿದ್ದೆ ಬಂತು. ನಿಮ್ಮ ಋಣ ದೊಡ್ಡದು.

ತಿಪ್ಪೇಶ


ಬಳ್ಳಾರಿ
೧೫ ಡಿಸೆಂಬರ್ ೨೦೨೪

ಉಚ್ಚಂಗೆಪ್ಪನವರಿಗೆ,

ನಿಮ್ಮ ಶ್ರಮ ಸಾರ್ಥಕವಾಯಿತು. ನಿನ್ನೆ ನನ್ನ ಕಥೆ ಮುಗಿಯಿತು.

ಊಟ ಚೆನ್ನಾಗಿಯೇ ಆಯಿತು. ಮೇಲೆ ಬಂದರು, ಕುಳಿತರು. ಮೊದಲ ಬ್ರಾಂಡಿ ಸುರಿದು ಅದರ ಬಗ್ಗೆ ಹೇಳಿದೆ, ಇಬ್ಬರೂ ತಲೆ ಆಡಿಸಿದರು. ಗೋಧಿ ಬಣ್ಣದ ಸಿಗಾರು ತಟ್ಟೆಯಲ್ಲಿ ಇಟ್ಟೆ. ಹಿರಿಯವನು ಅದನ್ನು ಎತ್ತಿ ಮೂಗಿನ ಕೆಳಗೆ ಎಳೆದ, ನಿಂತುಬಿಟ್ಟ. ನನ್ನ ಮುಖ ನೋಡಿದ. ಸಿಗಾರನ್ನು ಮೆಲ್ಲಗೆ ತಟ್ಟೆಗೆ ಇಳಿಸಿ ಇನ್ನೊಂದು ಕೊಡು ಎಂದು ಕೈಮಾಡಿದ. ಕೊಟ್ಟೆ. ಅದನ್ನೂ ಮೂಸಿ ಪಕ್ಕದವನಿಗೆ ಕೊಟ್ಟ. ಅವನು ಏನೋ ಹೇಳಿ ನಕ್ಕ. ನಾಲ್ಕೂ ತರಹದ್ದು ತಂದು ಇಟ್ಟೆ, ನಾಲ್ಕೂ ತಟ್ಟೆಗೆ ವಾಪಸ್ಸು. ಏನಾಗಿದೆ ಎಂದೇ ನನಗೆ ತಿಳಿಯಲಿಲ್ಲ. ಬಣ್ಣ ಸರಿ ಇತ್ತು, ತೇವ ಸರಿ ಇತ್ತು, ಬೆರಳಿಗೆ ಸರಿ ಇತ್ತು.

ಕೊನೆಗೆ ಧಣಿ ಒಂದನ್ನು ಎತ್ತಿ ಮೂಸಿದರು. "ಲೇ, ನಮ್ಮಜ್ಜಿ ಸೇದೋ ಚುಟ್ಟದ ವಾಸ್ನಿ ಬರಾಕತ್ತೈತಲ್ಲ ಇದು" ಎಂದರು. ದನಿ ಏರಿಸಲಿಲ್ಲ. ತಾವೇ ಎದ್ದು ಹೋಗಿ ಪೆಟ್ಟಿಗೆ ತೆರೆದರು, ಬಾಗಿಲು ತೆಗೆಯುತ್ತಲೇ ಮುಖ ತಿರುಗಿಸಿದರು. ಕೆಳಗಿನ ಖಾನೆಯಿಂದ ನಿಮ್ಮ ಚುಟ್ಟಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಒಂದೇ ಒಂದು ಸಿಗಾರು ಉಳಿದಿಲ್ಲ, ಎಲ್ಲಕ್ಕೂ ಅದೇ ವಾಸನೆ ಹತ್ತಿದೆಯಂತೆ. ಬಂದವರು ತಲೆನೋವು ಎಂದು ಬೇಗ ಎದ್ದು ಹೋದರು. "ಯಾರ ಕೆಲಸ ಇದು? ಬುಧವಾರದೊಳಗ ಬಾಯಿ ಬಿಡು, ಇಲ್ಲಂದ್ರ ಗೇಟಿನಾಗ ಕಾಲಿಡಬ್ಯಾಡ" ಎಂದರು ಧಣಿ.

ಐವತ್ತು ವರ್ಷ ಈ ಕೆಲಸ ಮಾಡಿದವರಿಗೆ ಚುಟ್ಟದ ವಾಸನೆ ಹೇಗೆ ಹರಡುತ್ತದೆ ಎಂದು ಗೊತ್ತಿರಲಿಲ್ಲವೇ? ದೂರ ಇಡು ಎಂದು ಒಂದು ಸಾಲು ಬರೆಯಲು ಆಗಲಿಲ್ಲವೇ? ತೇವ ಇರುವ ಕಡೆ ಇಡು ಎಂದು ಬರೆಯಲು ಆಯಿತು. ಫೋನ್ ಎತ್ತಲಿಲ್ಲ, ಎದುರು ಬರಲಿಲ್ಲ, ಕುಳಿತಲ್ಲಿಂದಲೇ ನನ್ನನ್ನು ಮುಗಿಸಿದಿರಿ. ನಿಮ್ಮ ಜಾಗ ಕಿತ್ತುಕೊಂಡೆ ಎಂಬ ಹೊಟ್ಟೆಉರಿ ಎರಡು ವರ್ಷ ಇಟ್ಟುಕೊಂಡಿದ್ದಿರಿ ಎಂದು ಈಗ ತಿಳಿಯಿತು. ನಿಮ್ಮನ್ನು ತಂದೆಯ ಹಾಗೆ ಕಂಡಿದ್ದೆ. ಅದಕ್ಕೇ ಇಷ್ಟು ನೋಯುತ್ತಿದೆ.

ತಿಪ್ಪೇಶ


ಕೆಂಚನಗುಡ್ಡ
೧೮ ಡಿಸೆಂಬರ್ ೨೦೨೪

ತಿಪ್ಪೇಶ,

ಊರಿಗೆ ವಾಪಸ್ಸು ಬಂದದ್ದು ಹದಿನೈದಕ್ಕೆ. ಬಾಗಿಲ ಸಂದಿಯಲ್ಲಿ ನಿನ್ನ ಐದನೇ ತಾರೀಕಿನ ಕಾಗದ ಬಿದ್ದಿತ್ತು. ಪೆಟ್ಟಿಗೆಯಲ್ಲಿ ಚುಟ್ಟ ಇಟ್ಟ ಸಾಲು ಓದಿ ತಾರೀಕು ನೋಡಿದೆ, ಹದಿನಾಲ್ಕು ಕಳೆದಿತ್ತು. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಇವತ್ತು ನಿನ್ನ ಬೈಗುಳದ ಕಾಗದವೂ ಬಂತು. ಬೈದದ್ದಕ್ಕೆ ನಾನು ಬೇಸರಪಟ್ಟುಕೊಂಡಿಲ್ಲ.

ಹದಿನಾರಕ್ಕೇ ಧಣಿಗೆ ಬರೆದು, ಮಗಳು ಶೈಲಜಾಳ ಕೈಲಿ ಮುಟ್ಟಿಸಿದ್ದೇನೆ. ಚುಟ್ಟ ಕಳಿಸಿದ್ದು ನಾನು, ಪೆಟ್ಟಿಗೆಯಲ್ಲಿ ಇಡು ಎಂದು ಹೇಳಿದ್ದೂ ನಾನು, ಇದು ಹಳೆಯ ಕಾಲದ ಪದ್ಧತಿ ಎಂದು ನಂಬಿಸಿದ್ದೂ ನಾನು, ತಿಪ್ಪೇಶ ಗುರುವಿನ ಮಾತು ಮೀರಲಿಲ್ಲ, ಅಷ್ಟೇ ಅವನ ತಪ್ಪು ಎಂದು. ನಿನ್ನ ಕೆಲಸ ಹೋಗುವುದಿಲ್ಲ. ಧಣಿ ಕೇಳಿದರೆ ಹೌದು ಎನ್ನು, ಹೆಚ್ಚು ಮಾತಾಡಬೇಡ.

ಇನ್ನೊಂದು ಮಾತು. ಅರ್ಧ ಮೂಗು ಇದ್ದವನೂ ಆ ಪೆಟ್ಟಿಗೆಯ ಬಾಗಿಲು ತೆರೆದ ಒಂದೇ ದಿನದಲ್ಲಿ ಹಿಡಿಯುತ್ತಿದ್ದ. ನಿನ್ನದು ಪೂರ್ತಿ ಹೋಗಿದೆ. ಚೀಟಿ ನೋಡಿ ಬರೆದದ್ದು ಅದಕ್ಕೇ. ನಿನ್ನನ್ನು ಸೋಮಾರಿ ಎಂದೆ, ಆ ಮಾತು ವಾಪಸ್ಸು ತೆಗೆದುಕೊಂಡಿದ್ದೇನೆ. ನನ್ನ ಹತ್ತಿರವಾದರೂ ನಿಜ ಹೇಳಬಹುದಿತ್ತು.

ಉಚ್ಚಂಗೆಪ್ಪ


ಬಳ್ಳಾರಿ
೨೪ ಡಿಸೆಂಬರ್ ೨೦೨೪

ಮಾವ,

ನಾನು ಯಾವ ಮುಖ ಇಟ್ಟುಕೊಂಡು ಬರೆಯಲಿ? ಆ ಕಾಗದವನ್ನು ದಯವಿಟ್ಟು ಒಲೆಗೆ ಹಾಕಿ.

ಧಣಿ ಕರೆದಿದ್ದರು. "ಮುದುಕ ಒಪ್ಕಂಡಾನ. ಅವನ ಮಾತು ಕೇಳಿ ಇಟ್ಟೆ ಅಂತ ಅವತ್ತ ಬಾಯಿ ಬಿಡಾಕ ಏನಾಗಿತ್ತು ನಿನಗ? ಹೋಗು, ಕೆಲಸ ನೋಡು" ಎಂದರು. ಕೆಲಸ ಉಳಿಯಿತು ಮಾವ.

ಮೂಗಿನ ಮಾತು ನೀವು ಹೇಳಿದ್ದೇ ನಿಜ. ಅರ್ಧವಲ್ಲ, ಎಳ್ಳಷ್ಟೂ ಇಲ್ಲ. ಕರ್ಪೂರ ಹಚ್ಚಿ ಮುಖದ ಹತ್ತಿರ ಹಿಡಿದರೂ ಬರೀ ಬಿಸಿ ತಿಳಿಯುತ್ತದೆ. ಪೂರ್ತಿ ಹೋಗಿದೆ ಎಂದು ಬರೆದರೆ ನೀವು ನನ್ನ ಕೈ ಬಿಡುತ್ತೀರಿ ಎಂದು ಹೆದರಿದೆ.

ಧಣಿ ಪೆಟ್ಟಿಗೆಯನ್ನು ಬಿಸಿಲಿಗೆ ಹಾಕಿಸಿ ಹೊಸ ಸಿಗಾರು ತರಿಸುತ್ತಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಯಾರೋ ಬರುತ್ತಾರಂತೆ. ಈ ಸಲ ಏನು ಮಾಡಲಿ, ಹೇಗೆ ಮಾಡಲಿ, ನೀವೇ ಹೇಳಬೇಕು. ತಪ್ಪು ಮೈಮೇಲೆ ಹಾಕಿಕೊಂಡದ್ದರಿಂದ ನಿಮಗೇನೂ ತೊಂದರೆ ಆಗಲಿಲ್ಲ ತಾನೇ? ನೀವು ಅಷ್ಟು ದೂರದ ಊರಲ್ಲಿದ್ದೀರಿ, ಧಣಿಯ ಸಿಟ್ಟು ಅಲ್ಲಿಗೆ ಮುಟ್ಟುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನಿಮ್ಮ
ತಿಪ್ಪೇಶ


ಬಳ್ಳಾರಿ
೩ ಜನವರಿ ೨೦೨೫

ಮಾವ,

ಹತ್ತು ದಿನವಾಯಿತು, ನಿಮ್ಮ ಉತ್ತರವಿಲ್ಲ. ಯಾಕೆಂದು ಇವತ್ತು ಗೊತ್ತಾಯಿತು.

ಧಣಿಯ ಡ್ರೈವರ್ ಎರ್ರಿ ಗೇಟಿನಲ್ಲಿ ಸಿಕ್ಕ. ಸುಮ್ಮನೆ ಕುಳಿತಿದ್ದೀಯಲ್ಲ, ಡ್ಯೂಟಿ ಇಲ್ಲವೇ ಎಂದೆ. "ಸಿರುಗುಪ್ಪಿ ಡ್ಯೂಟಿ ಕಟ್ ಆತಣ್ಣ" ಎಂದ. ಯಾವ ಸಿರುಗುಪ್ಪಿ ಡ್ಯೂಟಿ ಎಂದು ಕೇಳಿದೆ. "ಮೂರು ವಾರಕ್ಕೊಂದು ಸೋಮವಾರ ಉಚ್ಚಂಗೆಪ್ಪಜ್ಜನ್ನ ಇಲ್ಲಿ ದವಾಖಾನಿಗೆ ಕರಕೊಂಡು ಬರ್ತಿದ್ನಲ್ಲ. ಗಂಟಲಾಗ ಗಡ್ಡಿ ಆಗಿ ಆಪರೇಷನ್ ಮಾಡ್ಯಾರ, ಕುತಿಗ್ಯಾಗ ತೂತು ಐತಿ, ಮಾತು ಬರಂಗಿಲ್ಲ, ಪಾಟಿ ಮ್ಯಾಲ ಬರೀತಾನ. ಸಿಗಾರ್ ಕೆಡಿಸಿದ್ನಂತಲ್ಲ, ಧಣಿ ಇನ್ನ ಕಾರ್ ಕಳಿಸಬ್ಯಾಡ ಅಂದ್ರು. ನಿನಗ ಗೊತ್ತಿಲ್ಲೇನು?" ಎಂದ.

ನನಗೆ ಗೊತ್ತಿರಲಿಲ್ಲ ಮಾವ. ನಾನು ಫೋನಿನಲ್ಲಿ ಕರೆಯುತ್ತಿದ್ದಾಗ ನೀವು ಆ ಕಡೆ ಕೇಳುತ್ತಾ ಇದ್ದಿರಿ. ನಾನು ಅದನ್ನು ಸಿಟ್ಟು ಎಂದುಕೊಂಡೆ. ಡಿಸೆಂಬರ್ ಮೊದಲ ವಾರ ನೀವು ಇದೇ ಬಳ್ಳಾರಿಯ ದವಾಖಾನೆಯಲ್ಲಿ ಜ್ವರ ಬಂದು ಮಲಗಿದ್ದಿರಂತೆ. ನನ್ನ ಕೋಣೆಯಿಂದ ನಡೆದು ಬರುವಷ್ಟು ದೂರ. ನಾನು ಚುಟ್ಟ ಸೇದುತ್ತಾ ಕುಳಿತಿದ್ದೆ.

ಡಿಸೆಂಬರ್ ಇಪ್ಪತ್ಮೂರರ ಸೋಮವಾರ ಕಾರು ಬರಲಿಲ್ಲ ಎಂದಮೇಲೆ ಮದ್ದು ತಪ್ಪಿದೆ. ಆ ದಿನ ನೀವು ಏನು ಮಾಡಿದಿರಿ? ಮುಂದಿನ ಸೋಮವಾರ ಹದಿಮೂರನೇ ತಾರೀಕು. ಅದೂ ತಪ್ಪಬಾರದು. ನಾನು ಧಣಿಗೆ ನಿಜ ಹೇಳುತ್ತೇನೆ. ನನಗೆ ಮೂಗಿಲ್ಲ, ಚುಟ್ಟ ಪೆಟ್ಟಿಗೆಯಲ್ಲಿ ಇಟ್ಟವನು ನಾನು, ನಿಮ್ಮ ತಪ್ಪಿಲ್ಲ ಎಂದು ಹೇಳಿಬಿಡುತ್ತೇನೆ. ನೀವು ಹೂಂ ಎನ್ನಿ ಸಾಕು.

ತಿಪ್ಪೇಶ


ಕೆಂಚನಗುಡ್ಡ
೭ ಜನವರಿ ೨೦೨೫

ತಿಪ್ಪೇಶ,

ಹೇಳಬೇಡ.

ಎರ್ರಿಯ ಬಾಯಿಗೆ ಬೀಗವಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಗೊತ್ತಾದದ್ದು ಆಯಿತು, ಪೂರ್ತಿ ಕೇಳು. ಹೋದ ವರ್ಷ ಯುಗಾದಿ ಮುಗಿದ ಮೇಲೆ ಗಂಟಲು ಕೊಯ್ದರು. ಈಗ ಉಸಿರು ಮೂಗಿನಿಂದ ಬರುವುದಿಲ್ಲ, ಕುತ್ತಿಗೆಯ ತೂತಿನಿಂದ ಬರುತ್ತದೆ. ಉಸಿರು ಹೋಗದ ಮೂಗಿಗೆ ವಾಸನೆಯೂ ಇಲ್ಲ. ಮೂಗಿಲ್ಲದೆ ಜೋಡಿ ಕಟ್ಟುವುದನ್ನು ನಿನಗೆ ಹೇಳಿಕೊಟ್ಟೆನಲ್ಲ, ಅದನ್ನು ನಾನು ಎಲ್ಲಿ ಕಲಿತೆ ಎಂದುಕೊಂಡೆ? ಮೊದಮೊದಲು ಹುಚ್ಚು ಹಿಡಿದವನ ಹಾಗೆ ಬೆಲ್ಲದ ನೀರು, ಹುಣಸೆ ನೀರು, ಕಷಾಯ ಒಂದೊಂದು ಚಮಚ ನಾಲಿಗೆಗೆ ಹಾಕಿಕೊಂಡು ಕೂರುತ್ತಿದ್ದೆ.

ಹಾಗಾಗಿ ಆ ತಪ್ಪು ನನ್ನದೂ ಹೌದು. ಚುಟ್ಟದ ಕಟ್ಟು ಕಟ್ಟುವಾಗ ನನಗೂ ವಾಸನೆ ಬರಲಿಲ್ಲ. ಬಂದಿದ್ದರೆ ಸಿಗಾರಿನಿಂದ ದೂರ ಇಡು ಎಂದು ಕೈ ತಾನೇ ಬರೆಯುತ್ತಿತ್ತು. ನಿನಗೆ ಅರ್ಧ ಇದೆ ಎಂದು ನಾನು ನಂಬಿದ್ದೆ, ನನಗೆ ಪೂರ್ತಿ ಇದೆ ಎಂದು ನೀನು ನಂಬಿದ್ದೆ. ಧಣಿಗೆ ನಾನು ಬರೆದದ್ದು ಪೂರಾ ಸುಳ್ಳಲ್ಲ.

ಕಾರಿನ ವಿಷಯ ಬಿಡು. ಇಪ್ಪತ್ನಾಲ್ಕಕ್ಕೆ ಶೈಲಜಾ ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟಳು. ರಸ್ತೆಯ ಧೂಳು ಈ ತೂತಿಗೆ ನೇರ ಹೋಗುತ್ತದೆ. ತೆಕ್ಕಲಕೋಟೆಯ ಹತ್ತಿರ ಉಸಿರು ಸಿಕ್ಕಿಕೊಂಡು ಮುಖ ಕಪ್ಪಾಯಿತಂತೆ, ಅಲ್ಲೇ ಇಳಿಸಿಕೊಂಡು ವಾಪಸ್ಸು ಕರೆತಂದಳು. ಬಾಡಿಗೆ ಕಾರು ಹೇಳುತ್ತೇನೆ ಎಂದಳು, ನಾನೇ ಬೇಡ ಎಂದು ಕೈಮಾಡಿದೆ. ನನಗೆ ಅರವತ್ತೆಂಟು. ನೋಡಬೇಕಾದ್ದು ನೋಡಿದ್ದೇನೆ, ನನಗೆ ಇನ್ನು ಯಾವುದೂ ಬೇಡ. ನಿನಗೆ ಮೂವತ್ತನಾಲ್ಕು, ಹೆಂಡತಿ ಇದ್ದಾಳೆ. ಈ ಕೆಲಸ ತಿಳಿದವನು ಈ ಸೀಮೆಯಲ್ಲಿ ನನ್ನ ನಂತರ ಒಬ್ಬನಾದರೂ ಉಳಿಯಲಿ. ಧಣಿಯ ಹತ್ತಿರ ಬಾಯಿ ಬಿಟ್ಟರೆ ನಿನ್ನ ಮುಖ ನೋಡುವುದಿಲ್ಲ.

ಉಚ್ಚಂಗೆಪ್ಪ


ಕುರುಗೋಡು
೧೦ ಜನವರಿ ೨೦೨೫

ಮಾವ,

ಹೇಳಿಬಿಟ್ಟೆ. ನಿಮ್ಮ ಕಾಗದ ನಿನ್ನೆ ಬೆಳಿಗ್ಗೆ ಬಂತು, ಓದಿ ಮಡಿಚಿ ಜೇಬಿಗಿಟ್ಟು ನೇರ ಧಣಿಯ ಮುಂದೆ ಹೋಗಿ ನಿಂತೆ.

ಮೂಗು ಹೋದ ದಿನದಿಂದ ಹಿಡಿದು ಎಲ್ಲ ಹೇಳಿದೆ. ಅವರು ಫೋನ್ ಕೆಳಗಿಟ್ಟು ಕೇಳಿದರು. "ಅಂದ್ರ ಮೂರು ತಿಂಗಳಿಂದ ಮೂಗಿಲ್ದಾತ ನನ್ನ ಮಂದಿಗೆ ಕುಡಿಸಾಕತ್ತಿದ್ದ. ಅದನ್ನ ಮುಚ್ಚಾಕ ಅಂವ ಸುಳ್ಳು ಬರದ. ಇಬ್ರೂ ಕೂಡಿ ನನ್ನ ಆಟ ಆಡಿಸಿದ್ರಿ" ಎಂದರು. ನಾನು ಕೈಮುಗಿದು, ನನ್ನನ್ನು ತೆಗೆಯಿರಿ, ಮಾವನಿಗೆ ಮಾತ್ರ ಕಾರು ಕಳಿಸಿ ಎಂದೆ. ಬೀಗದ ಕೈ ಮೇಜಿನ ಮೇಲೆ ಇಡು ಎಂದರು. ಕಾರಿನ ಮಾತಿಗೆ "ನೋಡೂಣು" ಎಂದರು. ಆ ನೋಡೋಣದ ಮೇಲೆ ನನಗೆ ನಂಬಿಕೆ ಇಲ್ಲ.

ಗೇಟಿನ ಹೊರಗೆ ಬಂದು ಅತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಸ್ಸು ಹತ್ತಿ ಕುರುಗೋಡಿಗೆ ಬಂದೆ. ಹೇಮಾಳಿಗೆ ಎಲ್ಲ ಹೇಳಿದೆ. ಕೆಲಸ ಹೋದದ್ದಕ್ಕಲ್ಲ, ಅವಳಿಂದ ಮುಚ್ಚಿಟ್ಟದ್ದಕ್ಕೆ ಬೈದಳು. ಬೈದು ಮುಗಿಸಿ, "ಹದಿಮೂರನೇ ತಾರೀಕಿಗೆ ಗಾಡಿ ಯಾರದು ಸಿಗ್ತೈತಿ, ಮೊದಲು ಅದನ್ನ ನೋಡ್ರಿ" ಎಂದಳು.

ಅವಳ ತಮ್ಮ ಮಾರೇಶನ ಹತ್ತಿರ ಹಳೆಯ ವ್ಯಾನು ಇದೆ. ಕಿಟಕಿಯ ಗಾಜುಗಳೆಲ್ಲ ಏರುತ್ತವೆ, ಹಿಂದಿನ ಬಾಗಿಲ ಸಂದಿಗೆ ಹೇಮಾ ಬಟ್ಟೆ ತುರುಕಿದ್ದಾಳೆ, ಧೂಳು ಬರುವುದಿಲ್ಲ. ಓಡಿಸುವವನು ನಾನು. ದವಾಖಾನೆಗೆ ಫೋನ್ ಮಾಡಿ ಕೇಳಿದೆ. ಒಂದು ತಪ್ಪಿದೆ, ಎರಡನೆಯದು ತಪ್ಪಿಸಬೇಡಿ, ಕರೆದುಕೊಂಡು ಬನ್ನಿ ಎಂದರು. ಸೋಮವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ಬಾಗಿಲಿಗೆ ಬರುತ್ತೇನೆ. ನನ್ನ ಮುಖ ನೋಡುವುದಿಲ್ಲ ಎಂದು ಬರೆದಿದ್ದೀರಿ. ನೋಡಬೇಡಿ, ಹಿಂದಿನ ಸೀಟಿನಲ್ಲಿ ಕುಳಿತರೆ ಸಾಕು. ಆಮೇಲೆ ಮೂರು ವಾರಕ್ಕೆ ಮತ್ತೆ ಬರುತ್ತೇನೆ, ಅದರ ಮುಂದಿನದಕ್ಕೂ ಬರುತ್ತೇನೆ.

ಅಂಚೆಗೆ ಹಾಕಿದರೆ ತಡವಾಗುತ್ತದೆ. ಮಾರೇಶ ನಾಳೆ ಸಿರುಗುಪ್ಪಕ್ಕೆ ಹೋಗುತ್ತಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ಉತ್ತರ ಅವನ ಕೈಲೇ ಕೊಡಿ. ಬೇಡ ಎಂದು ಮಾತ್ರ ಬರೆಯಬೇಡಿ ಮಾವ, ನಿಮ್ಮ ಕಾಲಿಗೆ ಬೀಳುತ್ತೇನೆ.

ತಿಪ್ಪೇಶ


ಕೆಂಚನಗುಡ್ಡ
೧೧ ಜನವರಿ ೨೦೨೫

ತಿಪ್ಪೇಶ,

ಮಾರೇಶ ಬಾಗಿಲಲ್ಲೇ ನಿಂತಿದ್ದಾನೆ, ಕುಳಿತುಕೋ ಎಂದು ಪಾಟಿಯಲ್ಲಿ ಬರೆದು ತೋರಿಸಿದರೂ ಕೂರುವುದಿಲ್ಲ. ಉತ್ತರ ಇಲ್ಲದೆ ಬರಬೇಡ ಎಂದು ನೀನು ಹೇಳಿ ಕಳಿಸಿದ್ದೀಯಂತೆ.

ನಿನ್ನಂಥ ದಡ್ಡನನ್ನು ನಾನು ನೋಡಿಲ್ಲ. ಬರಬೇಡ ಎಂದು ಒಂದು ಹಾಳೆ ತುಂಬ ಬರೆದೆ. ಶೈಲಜಾ ಹಿಂದೆ ನಿಂತು ಓದಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಹಾಳೆ ಹರಿದುಹಾಕಿದೆ.

ಇಪ್ಪತ್ಮೂರಕ್ಕೆ ಏನು ಮಾಡಿದಿರಿ ಎಂದು ಕೇಳಿದ್ದೆಯಲ್ಲ. ಕಾರು ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಆಸ್ಪತ್ರೆಯ ಚೀಟಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹನ್ನೊಂದು ಗಂಟೆಯವರೆಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಯಾವುದೂ ಬೇಡ ಎಂದು ನಿನಗೆ ಬರೆದದ್ದು ಸುಳ್ಳು. ನನಗೆ ಸಾಯುವ ಮನಸ್ಸಿಲ್ಲ ತಿಪ್ಪೇಶ.

ಏಳಕ್ಕೆ ಬೇಡ. ಆರಕ್ಕೇ ಬಾ.

ಉಚ್ಚಂಗೆಪ್ಪ